ಋತುವಿನ ಎಲೆ, ಶ್ರಾವಕನ ನಿಯಮ

ಆಹಾರದ ವಿಷಯದಲ್ಲಿ ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂಬ ವಿಚಾರದ ಜೊತೆಗೆ, ಯಾವ ಕಾಲದಲ್ಲಿ ತಿನ್ನಬೇಕು, ಯಾವ ಕಾಲದಲ್ಲಿ ಬಿಡಬೇಕು ಎಂಬ ವಿಚಾರವನ್ನೂ ಜೈನಾಚಾರ್ಯರು ಮಾಡಿದ್ದಾರೆ. ಗೆಡ್ಡೆಗೆಣಸುಗಳ ತ್ಯಾಗ, ರಾತ್ರಿಭೋಜನ ತ್ಯಾಗ, ಸೋಸಿದ ನೀರಿನ ಬಳಕೆ ಇವು ಎಲ್ಲರಿಗೂ ತಿಳಿದ ಸಂಗತಿಗಳು. ಅಷ್ಟಮಿ, ಚತುರ್ದಶಿಗಳಂದು ಹಸಿರನ್ನು ಬಿಡುವವರೂ ಚಾತುರ್ಮಾಸ ಮುಗಿಯುವವರೆಗೆ ಸೊಪ್ಪನ್ನು ಮುಟ್ಟದವರೂ ಸಮಾಜದಲ್ಲಿ ಇಂದಿಗೂ ಇದ್ದಾರೆ. ಈ ನಿಯಮಗಳು ರೂಪುಗೊಂಡ ಕಾಲದಲ್ಲಿ ಸೊಪ್ಪಿಗೆ ತನ್ನದೇ ಆದ ಋತುವಿತ್ತು. ಋತು ಕಳೆದ ಮೇಲೆ ಬೇಕೆಂದರೂ ಅದು ಸಿಗುತ್ತಿರಲಿಲ್ಲ. ಇಂದು ಪರಿಸ್ಥಿತಿ ಬದಲಾಗಿದೆ. ನೆರಳು ಪರದೆ, ಪಾಲಿಹೌಸ್, ಶೀತಲ ವಾಹನ ಇವುಗಳ ನೆರವಿನಿಂದ ಲೆಟ್ಯೂಸ್, ಪಾಲಕ್, ಕೊತ್ತಂಬರಿ, ಸಬ್ಬಸಿಗೆ ಮೊದಲಾದ ತಂಪು ಹವೆಯ ಸೊಪ್ಪುಗಳು ನಗರದ ಅಂಗಡಿಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ದೊರೆಯುತ್ತವೆ. ಹೀಗಿರುವಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಋತುವಿನಲ್ಲಿ ಬೆಳೆದ ಎಲೆಗೂ ಋತುವನ್ನು ಮೀರಿ ಬೆಳೆದ ಎಲೆಗೂ ಧರ್ಮದೃಷ್ಟಿಯಿಂದ ಅಂತರವಿದೆಯೇ? ಇದ್ದರೆ ಅದರ ಹೊಣೆ ಬೆಳೆದವನದೋ, ತಿಂದವನದೋ?

ಎಲೆಯ ಸ್ವಭಾವ

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಎಲೆಯ ಸ್ವಭಾವವನ್ನು ಅರಿಯಬೇಕು. ಹವೆ ತಂಪಾಗಿ ಹಗಲು ಚಿಕ್ಕದಾಗಿರುವಷ್ಟು ಕಾಲ ಈ ಜಾತಿಯ ಗಿಡಗಳು ಎಲೆಯನ್ನು ಬಿಡುತ್ತಲೇ ಇರುತ್ತವೆ. ಬಿಸಿಲೇರಿ ಹಗಲು ದೀರ್ಘವಾದಂತೆ ಎಲೆ ಬಿಡುವುದನ್ನು ನಿಲ್ಲಿಸಿ ಹೂದಂಟನ್ನು ಎತ್ತುತ್ತವೆ. ಲೆಟ್ಯೂಸ್ ಇದಕ್ಕೆ ಒಳ್ಳೆಯ ನಿದರ್ಶನ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಈ ಗಿಡವನ್ನು ಪ್ರಾಚೀನ ಈಜಿಪ್ಟಿನಲ್ಲಿಯೇ ಬೆಳೆಯುತ್ತಿದ್ದರು. ದಂಟನ್ನು ಮುರಿದಾಗ ಹಾಲಿನಂತಹ ರಸ ಒಸರುವುದರಿಂದ, ಹಾಲೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದಲೇ ಅದಕ್ಕೆ ಹೆಸರು ಬಂದಿದೆ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯ ಜೊತೆಗೆ ಹಸಿಯಾಗಿಯೇ ತಿನ್ನುವ ಹಕ್ಕರಿಕೆ ಸೊಪ್ಪು ಅದೇ ಕುಟುಂಬದ್ದು. ಆದುದರಿಂದ ಹೆಸರು ಹೊಸದಾದರೂ ಈ ರುಚಿ ನಾಡಿಗೆ ಪೂರ್ತಿ ಅಪರಿಚಿತವಲ್ಲ.

ಲೆಟ್ಯೂಸ್‌ಗೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತವಾದುದು. ಅದಕ್ಕಿಂತ ಬಹಳ ಹೆಚ್ಚಾದರೆ ಗಿಡ ಬೇಗನೆ ಹೂವಿಗೆ ತಿರುಗುತ್ತದೆ, ಎಲೆ ಕಹಿಯಾಗುತ್ತದೆ. ಇದರ ಬೀಜದ ಗುಣ ಇನ್ನೂ ಗಮನಾರ್ಹ. ಮಣ್ಣಿನ ಬಿಸಿ 30 ಡಿಗ್ರಿಯನ್ನು ದಾಟಿದರೆ ಅನೇಕ ತಳಿಗಳ ಬೀಜ ನೀರು ಬೆಳಕು ದೊರೆತರೂ ಮೊಳೆಯದೆ ನಿದ್ರಿಸುತ್ತದೆ. ಕಾಲವಲ್ಲದ ಕಾಲದಲ್ಲಿ ಹುಟ್ಟಿದರೆ ಬದುಕು ಪೂರ್ಣವಾಗದು ಎಂಬ ಎಚ್ಚರ ಆ ಸಣ್ಣ ಬೀಜದಲ್ಲಿಯೇ ಇದ್ದಂತಿದೆ.

ಕರ್ನಾಟಕದ ಬಯಲುಸೀಮೆಯಲ್ಲಿ ಈ ಬೆಳೆಯ ಸಹಜ ಕ್ರಮ ಹೀಗೆ: ದೀಪಾವಳಿಯ ಆಸುಪಾಸಿನಲ್ಲಿ ಸಸಿಮಡಿಗೆ ಬೀಜ ಹಾಕುವುದು, ಮೂರು ನಾಲ್ಕು ವಾರದ ಸಸಿಗಳನ್ನು ಸುಮಾರು ಒಂದು ಅಡಿ ಅಂತರದಲ್ಲಿ ನಾಟಿ ಮಾಡುವುದು, ಅಲ್ಲಿಂದ ಆರೆಂಟು ವಾರಗಳಲ್ಲಿ ಕೊಯ್ಲು. ಮೆಂತ್ಯ 25ರಿಂದ 30 ದಿನಗಳಲ್ಲಿ ಸೊಪ್ಪಿಗೆ ಬರುತ್ತದೆ. ಪಾಲಕ್ ಕೂಡ ಹೆಚ್ಚು ಕಡಿಮೆ ಅಷ್ಟೇ ದಿನಗಳಲ್ಲಿ ಮೊದಲ ಕೊಯ್ಲನ್ನು ಕೊಟ್ಟು ಮತ್ತೆ ಚಿಗುರುತ್ತದೆ. ಕೊತ್ತಂಬರಿಗೆ ಇನ್ನೊಂದು ವಾರ ಹೆಚ್ಚು ಬೇಕು. ಮಾರ್ಗಶಿರ, ಪುಷ್ಯ, ಮಾಘ ಮಾಸಗಳು ಈ ಸೊಪ್ಪುಗಳ ಸಮೃದ್ಧಿಯ ಕಾಲ. ಫಾಲ್ಗುಣ ಕಳೆಯುವ ಹೊತ್ತಿಗೆ ಮಡಿಗಳಲ್ಲಿ ಹೂದಂಟುಗಳು ತಲೆ ಎತ್ತಿರುತ್ತವೆ.

ಈ ಕ್ರಮವನ್ನು ಚಾತುರ್ಮಾಸದ ಜೊತೆಗಿಟ್ಟು ನೋಡಿದರೆ ಒಂದು ಹೊಂದಿಕೆ ಕಾಣುತ್ತದೆ. ಮಳೆಗಾಲದಲ್ಲಿ ಎಲೆಗಳು ಸದಾ ತೇವವಾಗಿರುತ್ತವೆ. ಎಲೆ ತಿನ್ನುವ ಹುಳುಗಳೂ ಬಸವನಹುಳುಗಳೂ ಸೊಪ್ಪಿನ ಮಡಿಯಲ್ಲಿ ನೆಲೆ ಮಾಡುತ್ತವೆ. ಎಲೆಯ ಹಿಂಬದಿಯ ಮೊಟ್ಟೆಗಳು ಎಷ್ಟು ತೊಳೆದರೂ ಪೂರ್ತಿಯಾಗಿ ಹೋಗುವುದಿಲ್ಲ. ಏಕೇಂದ್ರಿಯ ಜೀವವಾದ ಎಲೆಯೊಂದಿಗೆ ಎರಡು, ಮೂರು, ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವಿಗಳ ಘಾತವೂ ಆಗುತ್ತದೆ. ಆ ತಿಂಗಳುಗಳಲ್ಲಿ ಸೊಪ್ಪನ್ನು ಬಿಡುವ ರೂಢಿಗೆ ಇದೇ ಕಾರಣ. ಚಾತುರ್ಮಾಸ ಮುಗಿಯುವ ದಿನಗಳಲ್ಲಿಯೇ ತಂಪು ಸೊಪ್ಪಿನ ಸಸಿಮಡಿ ಸಿದ್ಧವಾಗುತ್ತದೆ. ನಿಯಮ ಸಡಿಲವಾಗುವ ಹೊತ್ತಿಗೆ ನೆಲವೂ ಒಳ್ಳೆಯ ಎಲೆಯನ್ನು ಕೊಡುತ್ತದೆ.

ಬೆಸ್ತನೂ ಒಕ್ಕಲಿಗನೂ

ಬೇಸಾಯದಲ್ಲಿ ಹಿಂಸೆಯಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಮಡಿ ಅಗೆಯುವಾಗ ಎರೆಹುಳು ಕತ್ತರಿಸುತ್ತದೆ, ನೀರು ಹಾಯಿಸುವಾಗ ಇರುವೆಯ ಗೂಡು ಕೊಚ್ಚಿ ಹೋಗುತ್ತದೆ. ಆದರೂ ಜೈನಪರಂಪರೆ ಕೃಷಿಯನ್ನು ತಿರಸ್ಕರಿಸಿಲ್ಲ. ಕರ್ಮಭೂಮಿಯ ಆರಂಭದಲ್ಲಿ ಆದಿತೀರ್ಥಂಕರ ವೃಷಭದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಕಲಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ಅದೇ ಆದಿತೀರ್ಥಂಕರನ ಚರಿತೆಯನ್ನು ಪಂಪನು 941ರಲ್ಲಿ ಕನ್ನಡಕ್ಕೆ ತಂದನು. ಬೆಳಗಾವಿ, ಧಾರವಾಡ, ಸಾಂಗಲಿ, ಕೊಲ್ಹಾಪುರ ಸೀಮೆಗಳಲ್ಲಿ ನೇಗಿಲನ್ನು ನಂಬಿ ಬಾಳಿದ ಜೈನ ಮನೆತನಗಳು ಅಸಂಖ್ಯ.

ಒಕ್ಕಲಿಗನಿಗೆ ಧೈರ್ಯ ಹೇಳುವ ಒಂದು ದೃಷ್ಟಾಂತ ಸೋಮದೇವಸೂರಿಯು 959ರಲ್ಲಿ ಪೂರ್ಣಗೊಳಿಸಿದ ಯಶಸ್ತಿಲಕ ಚಂಪುವಿನಲ್ಲಿದೆ. ಬೆಸ್ತನೊಬ್ಬ ದಿನವಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಹಿಂತಿರುಗಿದರೂ ಪಾಪಿಯಾಗುತ್ತಾನೆ. ಒಕ್ಕಲಿಗನು ಉಳುವಾಗ ಅನೇಕ ಜೀವಿಗಳು ಸತ್ತರೂ ಆ ಪಾಪ ಅವನಿಗೆ ಅಂಟುವುದಿಲ್ಲ. ಇಬ್ಬರ ಸಂಕಲ್ಪ ಬೇರೆ ಬೇರೆ ಎಂಬುದೇ ಇದರ ತಾತ್ಪರ್ಯ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕೆಂದೂ ಉಳಿದವುಗಳನ್ನು ಸಾಧ್ಯವಿದ್ದಷ್ಟು ಕಡಿಮೆ ಮಾಡಬೇಕೆಂದೂ ಹೇಳುವುದರ ಹಿಂದೆಯೂ ಇದೇ ವಿವೇಕವಿದೆ.

ಆದರೆ ಈ ದೃಷ್ಟಾಂತವನ್ನು ಅದರ ಮಿತಿಯಾಚೆಗೆ ಎಳೆಯಬಾರದು. ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಪ್ರಾಣಕ್ಕೆ ಉಂಟುಮಾಡುವ ಘಾತವೇ ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿರುವ ಲಕ್ಷಣದ ಸಾರ. ಇಲ್ಲಿ ಪ್ರಮಾದವೆಂದರೆ ಕೊಲ್ಲುವ ಇಚ್ಛೆ ಮಾತ್ರವಲ್ಲ. ಎಚ್ಚರವಿಲ್ಲದಿರುವುದೂ ಕಷಾಯಕ್ಕೆ ವಶವಾಗಿರುವುದೂ ಪ್ರಮಾದವೇ. ಆದುದರಿಂದ ಒಕ್ಕಲಿಗನ ನಿರ್ದೋಷತೆ ಅವನ ಎಚ್ಚರವಿರುವಷ್ಟು ಕಾಲ ಮಾತ್ರ ನಿಲ್ಲುತ್ತದೆ. ತಪ್ಪಿಸಬಹುದಾದ ಘಾತವನ್ನು ತಪ್ಪಿಸದೆ, ಕೊಲ್ಲುವ ಸಂಕಲ್ಪವಿರಲಿಲ್ಲವೆಂದು ಹೇಳಿಕೊಂಡರೆ ಆ ಮಾತು ನೆಪವಾಗುತ್ತದೆ.

ಸೊಪ್ಪಿನ ಬೇಸಾಯದಲ್ಲಿ ಈ ಎಚ್ಚರಕ್ಕೆ, ಅಂದರೆ ಯತ್ನಾಚಾರಕ್ಕೆ, ಅವಕಾಶ ಬಹಳವಿದೆ. ಲೆಟ್ಯೂಸ್ ಬೀಜ ಮೊಳೆಯಲು ಬೆಳಕು ಸಹಾಯಕವಾದುದರಿಂದ ಅದನ್ನು ಆಳವಾಗಿ ಹೂಳಬೇಕಾಗಿಲ್ಲ; ಸಡಿಲವಾದ ಮೇಲ್ಮಣ್ಣಿನಲ್ಲಿ ತೆಳುವಾಗಿ ಚೆಲ್ಲಿ ಮುಚ್ಚಿದರೆ ಸಾಕು. ಒಮ್ಮೆ ಹದಮಾಡಿದ ಮಡಿಯನ್ನು ಪ್ರತಿ ಬೆಳೆಗೂ ಬುಡಮೇಲು ಮಾಡದೆ ಗೊಬ್ಬರವನ್ನು ಮೇಲುಹೊದಿಕೆಯಾಗಿ ಹಾಕಬಹುದು. ಸಣ್ಣ ಕಣ್ಣಿನ ಕೀಟಪರದೆಯನ್ನು ಮೊದಲೇ ಹೊದಿಸಿದರೆ ಪತಂಗಗಳು ಎಲೆಯ ಮೇಲೆ ಮೊಟ್ಟೆ ಇಡಲಾರವು. ಹುಟ್ಟದ ಹುಳುವನ್ನು ಕೊಲ್ಲಬೇಕಾದ ಪ್ರಸಂಗವೇ ಬರುವುದಿಲ್ಲ. ವಿಷದ ಸಿಂಪರಣೆಯ ವಿಚಾರ ಇದಕ್ಕೆ ವಿರುದ್ಧವಾದುದು. ಬೆಳೆಯ ರಕ್ಷಣೆಗಾಗಿ ಎಂದು ಅದನ್ನು ವಿರೋಧೀ ಹಿಂಸೆಯಲ್ಲಿ ಎಣಿಸುವವರಿದ್ದಾರೆ. ಆದರೆ ಬೇರೆ ಉಪಾಯವಿದ್ದಾಗ ಆ ಹೆಸರು ಅದಕ್ಕೆ ಸಲ್ಲದು. ಸಿಂಪಡಿಸಿದ ಮೇಲೆ ಕೊಯ್ಲಿಗೆ ಮುಂಚೆ ಇಷ್ಟು ದಿನ ಕಾಯಬೇಕೆಂಬ ನಿಯಮ ಪ್ರತಿಯೊಂದು ಔಷಧಕ್ಕೂ ಇದೆ. 25 ದಿನಗಳಲ್ಲಿ ಮಾರುಕಟ್ಟೆಗೆ ಹೋಗಬೇಕಾದ ಮೆಂತ್ಯದಲ್ಲಿ ಆ ಕಾಯುವಿಕೆಗೆ ವ್ಯವಧಾನವೆಲ್ಲಿ? ಕಾಯದೆ ಕೊಯ್ದರೆ ಹುಳುವಿನ ಜೊತೆಗೆ ತಿನ್ನುವ ಮನುಷ್ಯನಿಗೂ ಕೇಡು.

ಎಳೆಯ ಎಲೆ, ಬಲಿತ ಎಲೆ

ಕೊಯ್ಲಿನ ರೀತಿಯಲ್ಲಿಯೂ ವಿವೇಕಕ್ಕೆ ಸ್ಥಾನವಿದೆ. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಷಡ್ಲೇಶ್ಯೆಯ ಮರವನ್ನು ನೋಡಿದವರು ಬಹಳ ಮಂದಿ. ಹಣ್ಣಿಗಾಗಿ ಬಂದ ಆರು ಜನರಲ್ಲಿ ಒಬ್ಬನು ಮರವನ್ನು ಬುಡಸಹಿತ ಕೀಳಬೇಕೆನ್ನುತ್ತಾನೆ, ಒಬ್ಬನು ಕಾಂಡವನ್ನು, ಒಬ್ಬನು ಕೊಂಬೆಯನ್ನು, ಇನ್ನೊಬ್ಬನು ರೆಂಬೆಯನ್ನು ಕಡಿಯಬೇಕೆನ್ನುತ್ತಾನೆ. ಐದನೆಯವನು ಹಣ್ಣನ್ನು ಮಾತ್ರ ಕೀಳುತ್ತೇನೆನ್ನುತ್ತಾನೆ. ಆರನೆಯವನು ನೆಲಕ್ಕೆ ಬಿದ್ದುದನ್ನು ಆರಿಸಿಕೊಳ್ಳುತ್ತಾನೆ. ಸೊಪ್ಪಿನ ಮಡಿಯಲ್ಲಿಯೂ ಈ ತಾರತಮ್ಯ ಉಂಟು. ಮೆಂತ್ಯ, ಕೊತ್ತಂಬರಿಗಳನ್ನು ಬಹುಮಟ್ಟಿಗೆ ಬೇರುಸಹಿತ ಕಿತ್ತು ಕಟ್ಟು ಕಟ್ಟುತ್ತಾರೆ. ಬಿಗಿಯಾಗಿ ಉಂಡೆ ಕಟ್ಟುವ ಲೆಟ್ಯೂಸನ್ನು ಬುಡದಲ್ಲಿ ಒಮ್ಮೆಗೇ ಕೊಯ್ಯುತ್ತಾರೆ. ಬಿಡಿ ಎಲೆಯ ತಳಿಯಲ್ಲಾದರೋ ಹೊರಗಿನ ಬಲಿತ ಎಲೆಗಳನ್ನು ಮಾತ್ರ ಬಿಡಿಸಿಕೊಂಡು ನಡುವಿನ ಸುಳಿಯನ್ನು ಉಳಿಸಬಹುದು. ಹಾಗೆ ಮಾಡಿದರೆ ಗಿಡ ಹಲವು ವಾರಗಳ ಕಾಲ ಎಲೆ ಕೊಡುತ್ತ ಬದುಕಿರುತ್ತದೆ. ಪಾಲಕ್, ಬಸಳೆ, ನುಗ್ಗೆಗಳಲ್ಲಿಯೂ ಗಿಡದ ಪ್ರಾಣಕ್ಕೆ ಎರವಾಗದಂತೆ ಎಲೆಯನ್ನು ಪಡೆಯಬಹುದು. ಮೂಲಂಗಿಯನ್ನು ಮುಟ್ಟದ ಮನೆಯಲ್ಲಿ ಬೇರಿನೊಡನೆ ಕಿತ್ತ ಕೊತ್ತಂಬರಿ ಯಾವ ಸಂಕೋಚವೂ ಇಲ್ಲದೆ ಒಳಗೆ ಬರುತ್ತದೆ. ಅನಂತಕಾಯದ ದೋಷ ಅದಕ್ಕಿಲ್ಲವೆಂಬುದು ನಿಜ. ಆದರೂ ಒಂದು ಹಿಡಿ ಎಲೆಗಾಗಿ ನೂರು ಗಿಡಗಳ ಆಯುಷ್ಯ ಮುಗಿದಿದೆಯೆಂಬುದನ್ನು ಒಮ್ಮೆ ನೆನೆಯುವುದರಿಂದ ನಷ್ಟವಿಲ್ಲ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮ ವಿಚಾರ ಗೊಮ್ಮಟಸಾರದ ಜೀವಕಾಂಡದಲ್ಲಿದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಸಸ್ಯದ ಭಾಗಗಳನ್ನು ಗುರುತಿಸುವ ಲಕ್ಷಣವನ್ನು ಹೇಳುತ್ತಾ, ನರಗಳೂ ಗೆಣ್ಣುಗಳೂ ಇನ್ನೂ ಮೂಡದೆ, ಮುರಿದರೆ ನಾರಿಲ್ಲದೆ ಸಮವಾಗಿ ತುಂಡಾಗುವ ಎಳೆಯ ಭಾಗದಲ್ಲಿ ಅನಂತ ನಿಗೋದಜೀವಗಳ ಆಶ್ರಯವಿದೆಯೆಂದೂ ನರಗಳು ಸ್ಪಷ್ಟವಾಗಿ ಬಲಿತ ಭಾಗ ಹಾಗಲ್ಲವೆಂದೂ ವಿವೇಚಿಸಿದ್ದಾರೆ. ಈಚೆಗೆ ನಗರಗಳಲ್ಲಿ ಮೈಕ್ರೋಗ್ರೀನ್ಸ್ ಎಂಬ ಹೆಸರಿನಲ್ಲಿ, ಮೊಳೆತ ಒಂದೆರಡು ವಾರಗಳಲ್ಲಿಯೇ ಬೀಜದೆಲೆಯ ಹಂತದಲ್ಲಿ ಕತ್ತರಿಸಿ ತಿನ್ನುವ ಪದ್ಧತಿ ಹರಡುತ್ತಿದೆ. ಇದರಿಂದ ಆರೋಗ್ಯಕ್ಕೆ ಲಾಭವಿದೆಯೆಂದು ಹೇಳುವವರೊಡನೆ ವಾದಿಸಬೇಕಾಗಿಲ್ಲ. ಶ್ರಾವಕನು ಮಾತ್ರ ಆಚಾರ್ಯರ ಈ ಲಕ್ಷಣವನ್ನು ನೆನಪಿನಲ್ಲಿಟ್ಟುಕೊಂಡು, ಬಲಿಯುವವರೆಗೆ ಕಾಯುವುದು ಲೇಸು.

ಪರದೆಯ ಕೆಳಗಿನ ಬೆಳೆ

ಈಗ ಋತು ಮೀರಿದ ಬೆಳೆಯ ಪ್ರಶ್ನೆಗೆ ಬರಬಹುದು. ಬೆಂಗಳೂರು 900 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದರೂ ಅಲ್ಲಿಯ ಏಪ್ರಿಲ್ ತಿಂಗಳ ಬಿಸಿಲು ಲೆಟ್ಯೂಸ್‌ಗೆ ಸಹನೀಯವಲ್ಲ. ಆಗ ಅದನ್ನು ಬೆಳೆಯಬೇಕಾದರೆ ನೆರಳು ಪರದೆ ಬೇಕು, ತೇವದ ಗಾಳಿಯನ್ನು ಹಾಯಿಸುವ ಯಂತ್ರ ಬೇಕು, ಹೆಚ್ಚು ನೀರು ಬೇಕು. ಇಲ್ಲವೆ 2200 ಮೀಟರ್ ಎತ್ತರದ ಉದಕಮಂಡಲದ ಕಡೆಯಿಂದ ತಂಪು ಕೆಡದಂತೆ ಸಾಗಿಸಿ ತರಬೇಕು. ಲೆಟ್ಯೂಸ್ ಎಲೆಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ ಇರುವುದರಿಂದ ದಾರಿಯಲ್ಲಿ ಸ್ವಲ್ಪ ಉದಾಸೀನ ಮಾಡಿದರೂ ಅದು ಬಾಡಿ ತಿಪ್ಪೆಗೆ ಸೇರುತ್ತದೆ. ಹೀಗೆ ತಿಪ್ಪೆಗೆ ಸೇರಿದ ಎಲೆಯಿಂದ ಯಾರ ಹಸಿವೂ ಹಿಂಗಲಿಲ್ಲ. ಪ್ರಯೋಜನವಿಲ್ಲದೆ ನೆಲ, ನೀರು, ವನಸ್ಪತಿಗಳಿಗೆ ಘಾತ ಮಾಡುವುದನ್ನು ಸಮಂತಭದ್ರಾಚಾರ್ಯರು ಅನರ್ಥದಂಡದಲ್ಲಿ ಸೇರಿಸಿದ್ದಾರೆ.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರಬಹುದು. ಮುಚ್ಚಿದ ಪಾಲಿಹೌಸಿನಲ್ಲಿ ಮಣ್ಣೇ ಇಲ್ಲದೆ ಪೋಷಕಾಂಶ ಬೆರೆಸಿದ ನೀರಿನಲ್ಲಿ ಲೆಟ್ಯೂಸ್ ಬೆಳೆಯುವುದುಂಟು. ಅಲ್ಲಿ ಉಳುಮೆಯಿಲ್ಲ, ಎರೆಹುಳು ಸಾಯುವುದಿಲ್ಲ, ಕೀಟ ಒಳಗೆ ಬರುವುದೇ ವಿರಳ. ಸತ್ತ ಜೀವಿಗಳನ್ನು ಎಣಿಸುವುದಾದರೆ ಮಾಘಮಾಸದ ಬಯಲಿನ ಮಡಿಗಿಂತ ವೈಶಾಖದ ಪಾಲಿಹೌಸೇ ಮೇಲಾಗಬಹುದಲ್ಲವೇ? ಹಾಗಿದ್ದರೆ ಋತುವಿಗೆ ಧರ್ಮದಲ್ಲಿ ಯಾವ ಬೆಲೆ?

ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ವಿದ್ಯುತ್ತಿಗೂ ಪ್ಲಾಸ್ಟಿಕ್ಕಿಗೂ ಅವುಗಳದೇ ಆದ ಹಿಂಸೆಯಿದೆ ಎಂದು ಲೆಕ್ಕ ಹೂಡಬಹುದು. ಆದರೆ ಆ ಲೆಕ್ಕ ಎತ್ತ ವಾಲಿದರೂ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಪರದೆಯೇ ಪಾಪವಲ್ಲ, ಕೀಟವನ್ನು ಕೊಲ್ಲದೆ ದೂರವಿಡುವ ಪರದೆ ಯತ್ನಾಚಾರದ ಸಾಧನವೇ ಹೌದು. ಜೈನದರ್ಶನ ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡು ಬಗೆಯಾಗಿ ನೋಡುತ್ತದೆ. ರಾಗಾದಿಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಸೂರಿಗಳು ಪ್ರತಿಪಾದಿಸಿದ ತತ್ತ್ವ. ಪಾಲಿಹೌಸ್ ದ್ರವ್ಯಹಿಂಸೆಯನ್ನು ಕಡಿಮೆ ಮಾಡಬಲ್ಲದು. ತಿನ್ನುವವನ ಬಯಕೆಯನ್ನು ಕಡಿಮೆ ಮಾಡುವ ಶಕ್ತಿ ಯಾವ ಯಂತ್ರಕ್ಕೂ ಇಲ್ಲ. ಬೇಕೆಂದಾಗಲೆಲ್ಲ ಬೇಕೆಂದುದು ದೊರೆಯಬೇಕು ಎಂಬ ಅಭ್ಯಾಸಕ್ಕೆ ಅದು ಇಂಬು ಕೊಡಲೂಬಹುದು. ಬಸಳೆ, ದಂಟು, ಹರಿವೆ, ನುಗ್ಗೆ ಇವು ಬಿಸಿಲಿಗೆ ಹೆದರದ ಸೊಪ್ಪುಗಳು. ವೈಶಾಖದಲ್ಲಿ ಅವು ಹಿತ್ತಲಿನಲ್ಲಿಯೇ ಇರುವಾಗ ಲೆಟ್ಯೂಸ್ ಇಲ್ಲದೆ ಊಟ ರುಚಿಸದು ಎನ್ನುವವನ ಹಸಿವು ಹೊಟ್ಟೆಯದಲ್ಲ.

ಆದುದರಿಂದ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿಯೇ ಇಡಬೇಕು. ಬೆಳೆಯುವವನು ಮುಖ್ಯವಾಗಿ ಘಾತದ ಲೆಕ್ಕಕ್ಕೆ ಹೊಣೆ. ತಿನ್ನುವವನು ಬಯಕೆಯ ಲೆಕ್ಕಕ್ಕೆ. ಯಂತ್ರದಿಂದ ಘಾತ ಕಡಿಮೆಯಾಯಿತೆಂದು ತಿನ್ನುವವನ ಬಯಕೆ ಶುದ್ಧವಾಗುವುದಿಲ್ಲ.

ತಿನ್ನುವವನ ಪಾಲು

ಬಯಕೆಯ ಲೆಕ್ಕ ತಿನ್ನುವವನದೆಂದ ಮಾತ್ರಕ್ಕೆ ಘಾತದ ಲೆಕ್ಕದಿಂದ ಅವನು ಬಿಡುಗಡೆ ಹೊಂದುವುದಿಲ್ಲ. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಇವನ್ನು ಕೃತ, ಕಾರಿತ, ಅನುಮತ ಎಂದು ಶಾಸ್ತ್ರ ಹೇಳುತ್ತದೆ. ವ್ಯಾಪಾರವನ್ನು ನೆಚ್ಚಿ ನಗರ ಸೇರಿದ ಶ್ರಾವಕನು ತನ್ನ ಕೈಗೆ ಮಣ್ಣು ಹತ್ತಲಿಲ್ಲ, ಆದುದರಿಂದ ಕೃಷಿಯ ಹಿಂಸೆ ತನ್ನದಲ್ಲ ಎಂದು ಭಾವಿಸುವುದುಂಟು. ಆದರೆ ಹುಳು ಕಚ್ಚದ, ಒಂದು ತೂತೂ ಇಲ್ಲದ ಎಲೆಯೇ ಬೇಕೆಂದು ಅಂಗಡಿಯಲ್ಲಿ ಆರಿಸುವವನು, ಎಲ್ಲೋ ಒಂದು ಹೊಲದಲ್ಲಿ ವಿಷದ ಸಿಂಪರಣೆ ಮಾಡಿಸಿದಂತೆಯೇ ಆಯಿತು. ತೂತು ಬಿದ್ದ ಎಲೆಯನ್ನು ಬಿಡಿಸಿ, ಹುಳುವಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಇದ್ದರೆ ಅದನ್ನು ಗಿಡದ ಮೇಲೆ ಬಿಟ್ಟು ಬರುವ ಪದ್ಧತಿ ಹಿಂದಿನ ಶ್ರಾವಿಕೆಯರಿಗೆ ಅಡಿಗೆಯ ಮೊದಲ ಕೆಲಸವಾಗಿತ್ತು. ಎಲೆಯನ್ನು ಶೋಧಿಸುವ ಆ ವ್ಯವಧಾನ ಉಳಿದರೆ ಹೊಲದಲ್ಲಿ ವಿಷದ ಅಗತ್ಯವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಬೆಳೆಗಾರನ ಕಡೆಯಿಂದಲೂ ಒಂದು ಮಾತಿದೆ. ಅದನ್ನು ಕೇಳದೆ ಉಪದೇಶ ಮಾಡುವುದು ನ್ಯಾಯವಲ್ಲ. ಋತುವಿನಲ್ಲಿ ಎಲ್ಲರ ಮಡಿಯೂ ಒಮ್ಮೆಗೇ ಕೊಯ್ಲಿಗೆ ಬರುತ್ತದೆ. ಮಾರುಕಟ್ಟೆಯಲ್ಲಿ ಸೊಪ್ಪು ರಾಶಿ ಬಿದ್ದು ಬೆಲೆ ಕುಸಿಯುತ್ತದೆ. ಕಟ್ಟು ಕಟ್ಟುವ ಕೂಲಿಯೂ ಹುಟ್ಟದೆ ಬೆಳೆಯನ್ನು ಮಡಿಯಲ್ಲಿಯೇ ಬಿಡುವ ದಿನಗಳೂ ಉಂಟು. ಋತು ಮೀರಿ ಬೆಳೆದಾಗಲೇ ಅವನಿಗೆ ನಾಲ್ಕು ಕಾಸು ಉಳಿಯುವುದು. ಒಂದೆರಡು ಎಕರೆಯ ರೈತನಿಗೆ ವೈಶಾಖದಲ್ಲಿ ಲೆಟ್ಯೂಸ್ ಬೆಳೆಯಬೇಡವೆಂದು ಹೇಳಿ, ಮಾಘದಲ್ಲಿ ಅವನ ಸೊಪ್ಪನ್ನು ಚೌಕಾಸಿ ಮಾಡಿ ಅರ್ಧ ಬೆಲೆಗೆ ಕೊಳ್ಳುವ ಶ್ರಾವಕನ ವ್ರತ, ರೈತನ ಖರ್ಚಿನಲ್ಲಿ ನಡೆಯುವ ವ್ರತವಾಗುತ್ತದೆ. ತನ್ನ ಸಂಯಮದ ಭಾರವನ್ನು ಇನ್ನೊಬ್ಬನ ಹೆಗಲಿಗೆ ಹೊರಿಸುವುದು ಸಂಯಮವಲ್ಲ. ಋತುವಿನ ಸೊಪ್ಪಿಗೆ ಬೇಸಾಯದ ಖರ್ಚೂ ರೈತನ ಜೀವನವೂ ಸಾಗುವಷ್ಟು ಬೆಲೆಯನ್ನು ಕೊಡುವುದು ಈ ನಿಯಮದ ಅಂಗವೇ ಆಗಬೇಕು. ಚಾತುರ್ಮಾಸದ ನಾಲ್ಕು ತಿಂಗಳು ಸೊಪ್ಪು ಕೊಳ್ಳದೆ ಉಳಿದ ಹಣ ಹೇಮಂತದಲ್ಲಿ ಆ ರೈತನ ಕೈಸೇರುವುದು ಉಚಿತ.

ಋತುವೇ ವ್ರತದ ಅಳತೆ

ಭೋಗೋಪಭೋಗ ಪರಿಮಾಣವ್ರತವನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ತ್ಯಾಗವನ್ನು ಯಮ, ನಿಯಮ ಎಂದು ಎರಡಾಗಿ ವಿಭಾಗಿಸುತ್ತಾರೆ. ಜೀವಾವಧಿಯ ತ್ಯಾಗ ಯಮ, ಕಾಲದ ಮಿತಿಯುಳ್ಳದ್ದು ನಿಯಮ. ಆ ಕಾಲದ ಅಳತೆಗಳನ್ನು ಎಣಿಸುತ್ತಾ ಹಗಲು, ರಾತ್ರಿ, ಪಕ್ಷ, ಮಾಸಗಳ ಜೊತೆಗೆ ಋತುವನ್ನೂ ಅಯನವನ್ನೂ ಹೇಳಿದ್ದಾರೆ. ರತ್ನಕರಂಡಕ ಶ್ರಾವಕಾಚಾರದ ಈ ಎಣಿಕೆಯಲ್ಲಿ ಋತುವಿಗೆ ದೊರೆತ ಸ್ಥಾನ ಗಮನಿಸತಕ್ಕುದು. ಅದೇ ಪ್ರಕರಣದಲ್ಲಿ ಫಲ ಅಲ್ಪವಾಗಿ ಘಾತ ಅಧಿಕವಾದ ವಸ್ತುಗಳನ್ನು ಬಿಡಬೇಕೆಂದೂ ಅವರು ಬೋಧಿಸಿದ್ದಾರೆ. ಮುಂದೆ ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದಾದ ಸಚಿತ್ತತ್ಯಾಗದಲ್ಲಿ ಹಸಿ ಬೇರು, ಹಣ್ಣು, ಬೀಜಗಳೊಡನೆ ಹಸಿ ಸೊಪ್ಪೂ ತ್ಯಾಜ್ಯವಾಗುತ್ತದೆ. ಲೆಟ್ಯೂಸನ್ನು ಹಸಿಯಾಗಿಯೇ ತಿನ್ನುವುದು ವಾಡಿಕೆಯಾದುದರಿಂದ ಆ ಮೆಟ್ಟಿಲನ್ನು ಏರಿದವರಿಗೆ ಅದು ಸಲ್ಲದು. ಅಲ್ಲಿಯವರೆಗೆ ಏರದ ಸಾಮಾನ್ಯ ಗೃಹಸ್ಥನಿಗೆ ಋತುನಿಯಮ ಒಂದು ಸುಲಭವಾದ ಮೊದಲ ಹೆಜ್ಜೆ.

ಅದರ ಸ್ವರೂಪ ಸರಳ. ತಂಪು ಹವೆಯ ಸೊಪ್ಪನ್ನು ತಂಪು ಕಾಲದಲ್ಲಿ ಮಾತ್ರ ತರುವುದು, ಬೇಸಿಗೆಯಲ್ಲಿ ಬಿಸಿಲಿನ ಸೊಪ್ಪಿನಲ್ಲಿ ತೃಪ್ತಿಪಡುವುದು, ಮಳೆಗಾಲದಲ್ಲಿ ಎಲೆಯನ್ನೇ ಬಿಡುವುದು. ಎಳೆಯದನ್ನು ಬಿಟ್ಟು ಬಲಿತುದನ್ನು ಆರಿಸುವುದು, ಬಾಡಿ ಎಸೆಯದಷ್ಟೇ ಕೊಳ್ಳುವುದು, ಬೆಳೆದವನಿಗೆ ನ್ಯಾಯವಾದ ಬೆಲೆ ಕೊಡುವುದು. ಮನೆಯ ಮುಂದೆ ನಾಲ್ಕು ಕುಂಡಗಳಿಗೆ ಸ್ಥಳವಿದ್ದವರು ಸ್ವತಃ ಬೆಳೆದರೆ ಇನ್ನೂ ಮೇಲು. ಒಂದು ತಟ್ಟೆ ಎಲೆಗೆ ಎಷ್ಟು ನೀರು, ಎಷ್ಟು ದಿನ, ಎಷ್ಟು ಜೀವಿಗಳ ಸಹವಾಸ ಬೇಕೆಂಬುದು ಆಗ ಕಣ್ಣಿಗೇ ಕಾಣುತ್ತದೆ. ಕಂಡವನು ಎಲೆಯನ್ನು ವ್ಯರ್ಥ ಮಾಡಲು ಹಿಂಜರಿಯುತ್ತಾನೆ.

ಬೀಜ ಉಳಿಸುವ ಬೆಳೆಗಾರರು ಫಾಲ್ಗುಣದಲ್ಲಿ ಕೆಲವು ಗಿಡಗಳನ್ನು ಕೊಯ್ಯದೆ ಬಿಡುತ್ತಾರೆ. ಅವು ಎಲೆಯ ರುಚಿಯನ್ನು ಕಳೆದುಕೊಂಡು, ಎದೆಯೆತ್ತರ ದಂಟೆತ್ತಿ ಸಣ್ಣ ಹಳದಿ ಹೂಗಳನ್ನು ಬಿಟ್ಟು, ಹಗುರವಾದ ತುಪ್ಪುಳದೊಡನೆ ಬೀಜವನ್ನು ಬಲಿಸಿ ಒಣಗುತ್ತವೆ. ಆ ನಾಲ್ಕು ಗಿಡಗಳಿಂದ ಮುಂದಿನ ವರ್ಷದ ಮಡಿಗೆ ಸಾಕಾಗುವಷ್ಟು ಬೀಜ ದೊರೆಯುತ್ತದೆ. ದೀಪಾವಳಿಯವರೆಗೆ ಅದನ್ನು ತಂಪಾದ ಒಣ ಜಾಗದಲ್ಲಿ ಕಾದಿರಿಸಬೇಕು.